‘ನೈಸ್’ ಎಂಬ ಪದ

ಇಂಗ್ಲಿಷ್ ಕಲಿಯತೊಡಗಿದ ವಿದ್ಯಾರ್ಥಿಗಳಿಗೆ ಬಹುಬೇಗ ಪರಿಚಯವಾಗುವ ಪದಗಳಲ್ಲಿ ‘ನೈಸ್’ ಎಂಬುದೂ ಒಂದು. ‘ಚೆನ್ನಾಗಿರುವ’ ಎಂಬ ಅರ್ಥವನ್ನು ಬರೆದುಕೊಂಡು ಅವರು ಮುಂದಿನ ಪದಕ್ಕೆ ಸಾಗುತ್ತಾರೆ. ಆದರೆ ಈ ಪುಟ್ಟ ಪದವು ನಡೆದುಬಂದ ದಾರಿಯನ್ನು ನೋಡಿದರೆ ಅಚ್ಚರಿಯಾಗದೆ ಇರದು. ಇಂದು ಹೊಗಳಿಕೆಯಾಗಿರುವ ಈ ಪದ ಮೊದಲಿಗೆ ತೆಗಳಿಕೆಯಾಗಿತ್ತು.

ಇದರ ಮೂಲ ಲ್ಯಾಟಿನ್ ಭಾಷೆಯ ‘ನೆಸ್ಕಿಯುಸ್’ ಎಂಬ ಪದ. ಆ ಭಾಷೆಯಲ್ಲಿ ‘ಸ್ಕೀರೆ’ ಎಂದರೆ ತಿಳಿಯುವುದು. ‘ನೆ’ ಎಂಬುದು ನಿಷೇಧ. ಎರಡೂ ಕೂಡಿದಾಗ ‘ಏನೂ ಅರಿಯದ’ ಎಂಬ ಅರ್ಥ ಬರುತ್ತದೆ. ವಿಜ್ಞಾನವೆಂಬ ಅರ್ಥದ ‘ಸೈನ್ಸ್’ ಪದವೂ ಇದೇ ‘ಸ್ಕೀರೆ’ ಧಾತುವಿನಿಂದ ಬಂದಿದೆ. ಒಂದೇ ಬೇರಿನಿಂದ ಅರಿವೂ ಮೂಡಿತು, ಅಜ್ಞಾನವೂ ಮೂಡಿತು! ಹಳೆಯ ಫ್ರೆಂಚ್ ಭಾಷೆಯಲ್ಲಿ ‘ನೈಸ್’ ಎಂದರೆ ಪೆದ್ದನೆಂದೇ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಸಂಖ್ಯ ಫ್ರೆಂಚ್ ಪದಗಳು ಇಂಗ್ಲಿಷಿಗೆ ಹರಿದುಬಂದವು. ಸುಮಾರು 1300ರ ವೇಳೆಗೆ ಈ ಪದವೂ ಅದೇ ಅರ್ಥವನ್ನು ಹೊತ್ತು ಅಲ್ಲಿಗೆ ಬಂದಿತು.

ಕಾಲ ಕಳೆದಂತೆ ಅದರ ಅರ್ಥ ಹೊರಳತೊಡಗಿತು. ಸಣ್ಣಪುಟ್ಟ ವಿಷಯಗಳಿಗೂ ಅತಿಯಾಗಿ ತಕರಾರು ಮಾಡುವವನು ‘ನೈಸ್’ ಎನಿಸಿದನು. ಅಲ್ಲಿಂದ, ಸಣ್ಣ ವಿಷಯಗಳಲ್ಲಿಯೂ ಎಚ್ಚರವಿರುವವನು, ನಿಖರವಾದದ್ದು, ಸೂಕ್ಷ್ಮವಾದದ್ದು ಎಂಬ ಅರ್ಥಗಳು ಕವಲೊಡೆದವು. ಇಂದಿಗೂ ಇಂಗ್ಲಿಷಿನಲ್ಲಿ ವ್ಯತ್ಯಾಸವೊಂದನ್ನು ‘ನೈಸ್’ ಎಂದರೆ, ಅದು ಸೊಗಸಾಗಿದೆ ಎಂದಲ್ಲ, ಬಹು ಸೂಕ್ಷ್ಮವಾಗಿದೆ ಎಂದರ್ಥ. ‘ಹಿತವಾದ’ ಎಂಬ ಅರ್ಥ ನೆಲೆಗೊಂಡದ್ದು ಹದಿನೆಂಟನೆಯ ಶತಮಾನದಲ್ಲಿ.

ಆ ಬಳಿಕ ಪದಕ್ಕೆ ಬಿಡುವೇ ಇಲ್ಲದಾಯಿತು. ಹವೆ, ಊಟ, ಉಡುಪು, ಮನುಷ್ಯ ಎಲ್ಲವೂ ‘ನೈಸ್’ ಆದವು. 1817ರ ಕೊನೆಯಲ್ಲಿ ಪ್ರಕಟವಾದ ‘ನಾರ್ತ್ಯಾಂಗರ್ ಆಬಿ’ ಎಂಬ ಕಾದಂಬರಿಯಲ್ಲಿ ಲೇಖಕಿ ಜೇನ್ ಆಸ್ಟೆನ್ ಈ ಚಟವನ್ನು ನವಿರಾಗಿ ಹಾಸ್ಯ ಮಾಡಿದ್ದಾಳೆ. ಅದರ ನಾಯಕಿ ಕ್ಯಾಥರೀನ್ ಒಂದು ಪುಸ್ತಕವನ್ನು ‘ನೈಸ್’ ಎಂದು ಮೆಚ್ಚಿಕೊಂಡಾಗ ಹೆನ್ರಿ ಟಿಲ್ನಿ ಎಂಬ ತರುಣ ಅವಳನ್ನು ಛೇಡಿಸುತ್ತಾನೆ. ಎಲ್ಲವನ್ನೂ ಹೊಗಳುವ ಪದವು ಯಾವುದನ್ನೂ ಹೊಗಳಲಾರದು ಎಂಬುದೇ ಆ ಹಾಸ್ಯದ ಹುರುಳು.

ಇಂತಹ ಪದ ಕನ್ನಡನಾಡಿನ ಅಡುಗೆಮನೆಗೂ ಬಂದು ಸೇರಿದೆ. ‘ಇಡ್ಲಿಗೆ ತರಿತರಿಯಾಗಿರಲಿ, ದೋಸೆಗೆ ನೈಸಾಗಿ ರುಬ್ಬು’ ಎಂಬ ಮಾತಿನಲ್ಲಿ ‘ನೈಸ್’ ಎಂದರೆ ನುಣುಪು; ಬೇರೆ ಅರ್ಥಕ್ಕೆ ಅಲ್ಲಿ ಎಡೆಯಿಲ್ಲ. ಇಂಗ್ಲಿಷಿನಲ್ಲಿ ಸವೆದುಹೋಗಿದ್ದ ಪದಕ್ಕೆ ರುಬ್ಬುವ ಕಲ್ಲಿನ ಬಳಿ ಹೀಗೊಂದು ಖಚಿತವಾದ ಕೆಲಸ ದೊರೆಯಿತು. ಸವಿಮಾತಿನಿಂದ ಒಲಿಸಿ ಕೆಲಸ ಸಾಧಿಸುವುದಕ್ಕೆ ‘ನೈಸ್ ಮಾಡುವುದು’ ಎಂಬ ಬಳಕೆಯೂ ಹುಟ್ಟಿತು. ಕನ್ನಡದ ‘ನಯ’ ಪದಕ್ಕೂ ಇದಕ್ಕೂ ಹುಟ್ಟಿನ ನಂಟಿಲ್ಲ. ಆದರೂ ನಯವಾದ ಬಟ್ಟೆ, ನಯವಾದ ಮಾತು, ನಯವಂಚಕ ಎಂಬ ಬಳಕೆಗಳು ನುಣುಪು, ಸವಿನುಡಿ, ಅದರ ಹಿಂದಿನ ಕಪಟ ಈ ಮೂರನ್ನೂ ಮೊದಲೇ ಅರಿತಿದ್ದವು.

ಪದದ ಅರ್ಥ ನಿಘಂಟಿನಲ್ಲಿ ಹುಟ್ಟುವುದಿಲ್ಲ. ಆಡುವವರ ಬಾಯಲ್ಲಿ ಹುಟ್ಟಿ, ವಾಕ್ಯದಲ್ಲಿ ನೆಲೆಗೊಳ್ಳುತ್ತದೆ. ನಿಘಂಟು ಅದನ್ನು ದಾಖಲಿಸುತ್ತದೆ, ಅಷ್ಟೆ. ಆದುದರಿಂದ ಪದವನ್ನು ಬೆಳೆಸುವ ಶಕ್ತಿಯಂತೆ ಸವೆಸುವ ಶಕ್ತಿಯೂ ಬಳಸುವವರದೇ. ಜೋಗದ ಜಲಪಾತವೂ ಚೆನ್ನಾಗಿದೆ, ತಾಯಿ ಬಡಿಸಿದ ಸಾರೂ ಚೆನ್ನಾಗಿದೆ ಎಂದು ಬರೆದು ಮುಗಿಸುವವರು ಎರಡನ್ನೂ ಸರಿಯಾಗಿ ಕಂಡಂತಾಗಲಿಲ್ಲ. ರಾತ್ರಿಯಿಡೀ ಎಚ್ಚರವಿದ್ದು ರೋಗಿಯನ್ನು ಉಪಚರಿಸಿದ ದಾದಿಗೂ ಸಂಜೆಯ ತಂಗಾಳಿಗೂ ಒಂದೇ ಪದವನ್ನು ಸಲ್ಲಿಸಿದರೆ, ಆ ದಾದಿಯ ತಾಳ್ಮೆಗೆ ಸಲ್ಲಬೇಕಾದ ಗೌರವ ಸಲ್ಲದೆ ಹೋಗುತ್ತದೆ. ಆಕೆಯ ಬಗ್ಗೆ ಆಡಬೇಕಾದ ಪದವನ್ನು ಒಂದು ಗಳಿಗೆ ನಿಂತು ಹುಡುಕುವುದು ಪಾಂಡಿತ್ಯದ ಪ್ರದರ್ಶನವಲ್ಲ. ಅದು ಕೃತಜ್ಞತೆಯ ಒಂದು ರೀತಿ.