ನಾವು ಕೇಳದೆ ಹೋದ ಎಚ್ಚರಿಕೆ

ನನ್ನ ಅಣ್ಣನ ಮಗನಿಗೆ ಆಗ ಹದಿನೈದು ವರ್ಷ. ಓಟದ ಸ್ಪರ್ಧೆಯಲ್ಲಿ ಅವನೊಮ್ಮೆ ಮೂರ್ಛೆ ಹೋದಾಗ ಬಿಸಿಲಿನ ಬಾಧೆಯೆಂದು ಬಗೆದು, ದೃಷ್ಟಿ ತೆಗೆದು, ಪಾನಕ ಕುಡಿಸಿ ಸುಮ್ಮನಾದೆವು. ಮೂರು ತಿಂಗಳ ತರುವಾಯ ಕಬಡ್ಡಿ ಆಡುತ್ತ ಕುಸಿದವನು ಮತ್ತೆ ಏಳಲಿಲ್ಲ. ನೆರೆದವರು ನೀರು ಚಿಮುಕಿಸಿದರು, ವಾಹನ ಹುಡುಕಿದರು. ಎದೆಯೊತ್ತುವ ಕ್ರಮ ಯಾರಿಗೂ ತಿಳಿದಿರಲಿಲ್ಲ.

ಹೃದಯದ ಸ್ನಾಯು ದಪ್ಪಗಾಗುವ, ವಂಶಪಾರಂಪರ್ಯವಾಗಿ ಬರುವ ದೋಷವಿದೆಂದು ವೈದ್ಯರು ತಿಳಿಸಿದರು. ಅವನ ತಂಗಿಗೆ ಇಸಿಜಿ, ಎಕೋ ಪರೀಕ್ಷೆ ಮಾಡಿಸಿದೆವು. ಅದೇ ದೋಷ ಕಂಡುಬಂದು, ಸಕಾಲದಲ್ಲಿ ಚಿಕಿತ್ಸೆ ದೊರೆಯಿತು.

ತಾಯಿತಂದೆಗಳೇ, ಓಡುವಾಗ ಮೂರ್ಛೆ ಹೋಗುವ ಮಗುವನ್ನು ತಪ್ಪದೆ ಹೃದಯತಜ್ಞರಿಗೆ ತೋರಿಸಿರಿ. ಕುಸಿದವರು ಉಸಿರಾಡದಿದ್ದರೆ 108ಕ್ಕೆ ಕರೆಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತಿರಿ.

ಆ ಮೊದಲ ಮೂರ್ಛೆಯೇ ನಮ್ಮನ್ನು ಎಚ್ಚರಿಸಿತ್ತು. ಕೇಳದೆ ಹೋದವರು ನಾವು.