ಅಪ್ಪ ಕಲಿಸಿದ ಹಾಡು, ಅಣ್ಣತಮ್ಮಂದಿರ ಕೊರಳು

ಎವರ್ಲಿ ಬ್ರದರ್ಸ್ ಹೆಸರೆತ್ತಿದರೆ ಸಾಕು, ಹಳೆಯ ಇಂಗ್ಲಿಷ್ ಹಾಡುಗಳ ಹುಚ್ಚಿರುವವರು ‘ಬೈ ಬೈ ಲವ್’ ಗುನುಗಲು ಶುರುಮಾಡುತ್ತಾರೆ. ಅದೇ ಜನರ ಮುಂದೆ 1958ರ ಅವರ ಜನಪದ ಆಲ್ಬಂ ‘ಸಾಂಗ್ಸ್ ಅವರ್ ಡ್ಯಾಡಿ ಟಾಟ್ ಅಸ್’ ಹಾಕಿ ನೋಡಿ, ಎರಡು ಪಕ್ಷವಾಗಿಬಿಡುತ್ತದೆ. “ಇದೇನು ಮಾರಾಯ, ಬರೀ ಗೋಳು! ಕಾಲು ಕುಣಿಸುವ ಹಾಡು ಒಂದೂ ಬೇಡವೇ?” ಅನ್ನುವವರು ಒಂದು ಕಡೆ. ಕಣ್ಣು ಮುಚ್ಚಿ ಕೂತು, ಯಾರಾದರೂ ಬಾಯಿ ತೆರೆದರೆ ಕೈಸನ್ನೆಯಲ್ಲೇ ಸುಮ್ಮನಿರಿಸುವವರು ಇನ್ನೊಂದು ಕಡೆ. ನಾನು ಈ ಎರಡನೆಯ ಪಕ್ಷದವನು.

ಗೋಳು ಅನ್ನುವ ದೂರಿನಲ್ಲಿ ಹುರುಳಿಲ್ಲದಿಲ್ಲ. ‘ಪುಟ್ ಮೈ ಲಿಟ್ಲ್ ಶೂಸ್ ಅವೇ’ಯಲ್ಲಿ ಸಾಯುವ ಮಗು ತನ್ನ ಪುಟ್ಟ ಬೂಟುಗಳನ್ನು ಎತ್ತಿಡು ಎಂದು ತಾಯಿಗೆ ಹೇಳುತ್ತದೆ. ‘ಲೈಟ್ನಿಂಗ್ ಎಕ್ಸ್‌ಪ್ರೆಸ್’ನ ಹುಡುಗ ಸಾವಿನಂಚಿನಲ್ಲಿರುವ ಅಮ್ಮನನ್ನು ನೋಡಲು ಟಿಕೆಟ್ಟಿಲ್ಲದೆ ರೈಲು ಹತ್ತಿದ್ದಾನೆ. ‘ಡೌನ್ ಇನ್ ದ ವಿಲೋ ಗಾರ್ಡನ್’ ಅಂತೂ ಪ್ರೇಯಸಿಯನ್ನು ಕೊಂದವನೇ ನೇಣುಗಂಬದ ಮುಂದೆ ಹೇಳಿಕೊಳ್ಳುವ ಕಥೆ. ಇದನ್ನೆಲ್ಲ ಹಾಡಿದಾಗ ಅಣ್ಣ ಡಾನ್‌ಗೆ 21, ತಮ್ಮ ಫಿಲ್‌ಗೆ 19 ವರ್ಷ. ಆ ವಯಸ್ಸಿಗೆ ಇಷ್ಟು ಸಾವು ಏಕೆ ಎಂದು ಕೇಳುವವರಿದ್ದಾರೆ. ನನಗೆ ಮೆಚ್ಚುಗೆಯಾಗುವುದೇ ಅಲ್ಲಿ. ಅವರು ಅಳುವುದಿಲ್ಲ, ಕೊರಳು ನಡುಗಿಸುವುದಿಲ್ಲ. ಕೊಲೆಗಾರನ ಮಾತನ್ನೂ ಅಷ್ಟೇ ಸಮಾಧಾನದಿಂದ ಹೇಳಿ ಮುಗಿಸುತ್ತಾರೆ. ಕೇಳುವವನ ಎದೆ ಮಾತ್ರ ಭಾರವಾಗುತ್ತದೆ.

ವಾದ್ಯ ತೀರಾ ಕಡಿಮೆಯಾಯಿತು ಎನ್ನುವವರೂ ಉಂಟು. ಇರುವುದು ಗಿಟಾರ್, ಜೊತೆಗೆ ಫ್ಲಾಯ್ಡ್ ಚಾನ್ಸ್ ನುಡಿಸಿದ ಬಾಸ್. ಡ್ರಮ್ ಇಲ್ಲ. ಆದರೆ ಡ್ರಮ್ ಇದ್ದಿದ್ದರೆ ‘ಬಾರ್ಬರಾ ಆಲನ್’ನಲ್ಲಿ ನಡೆಯುವುದು ಕಿವಿಗೆ ಬೀಳುತ್ತಿತ್ತೇ? ಮೂಲ ಧಾಟಿ ಅಣ್ಣ ಡಾನ್‌ನದು. ಫಿಲ್ ಅದರ ಮೇಲೆ, ಹೆಚ್ಚಾಗಿ ಮೂರನೆಯ ಸ್ವರದ ಅಂತರದಲ್ಲಿ, ಅಣ್ಣ ಉಸಿರೆಳೆದಲ್ಲೇ ಉಸಿರೆಳೆದು, ಅವನು ಪದ ಮುಗಿಸಿದಲ್ಲೇ ಮುಗಿಸುತ್ತಾ ಸಾಗುತ್ತಾನೆ. ಒಂದೇ ನೊಗದ ಜೋಡೆತ್ತಿನ ನಡಿಗೆ ಅದು. ತಮ್ಮನ ಸ್ವರವನ್ನಷ್ಟೇ ಹಿಡಿದು ಹಾಡಿಕೊಂಡರೂ ಅದೇ ಒಂದು ಪೂರ್ತಿ ಹಾಡಿನಂತೆ ಕೇಳಿಸುತ್ತದೆ. ಬೀಟಲ್ಸ್‌ನವರೂ, ಸೈಮನ್ ಮತ್ತು ಗಾರ್‌ಫಂಕಲ್ ಕೂಡ ಜೋಡಿ ದನಿಯ ಪಾಠ ಕಲಿತದ್ದು ಇವರಿಂದ.

ಇನ್ನು ಪಂಡಿತರ ತಕರಾರು: ಇದು ಶುದ್ಧ ಜನಪದವೇ ಅಲ್ಲವಂತೆ. ‘ಬಾರ್ಬರಾ ಆಲನ್’ ಶತಮಾನಗಳಷ್ಟು ಹಳೆಯದು, ಒಪ್ಪೋಣ. ಆದರೆ ‘ಸಿಲ್ವರ್ ಹೇರ್ಡ್ ಡ್ಯಾಡಿ’ ಜೀನ್ ಆಟ್ರಿ ಹಾಡಿ 1930ರ ದಶಕದಲ್ಲಿ ಮನೆಮಾತಾದ ಹಾಡು. ‘ಕೆಂಟಕಿ’ಗೂ ಬರೆದವನ ಹೆಸರಿದೆ. ಇರಲಿ, ಈ ಹುಡುಗರು ಈ ಹಾಡುಗಳನ್ನು ಪುಸ್ತಕ ನೋಡಿ ಕಲಿತರೇ? ಅಪ್ಪ ಐಕ್ ಎವರ್ಲಿ ಕೆಂಟಕಿಯ ಕಲ್ಲಿದ್ದಲು ಗಣಿಯಲ್ಲಿ ದುಡಿದವನು, ಹೆಬ್ಬೆರಳಲ್ಲಿ ಬಾಸ್ ತಂತಿ ಮೀಟುತ್ತಾ ಉಳಿದ ಬೆರಳಲ್ಲಿ ರಾಗ ತೆಗೆಯುವ ಗಿಟಾರ್ ಪಟು. ಅಯೋವದ ಶೆನಂಡೋವಾ ಊರಿನ ರೇಡಿಯೊದಲ್ಲಿ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಹಾಡುತ್ತಿದ್ದರು. ಬಾಯಿಂದ ಬಾಯಿಗೆ, ಅಪ್ಪನಿಂದ ಮಗನಿಗೆ ಬಂದ ಹಾಡು ಜನಪದವಲ್ಲದಿದ್ದರೆ ಇನ್ನಾವುದು?

ಅಂದಹಾಗೆ, ಇಷ್ಟು ಒಂದಾಗಿ ಹಾಡಿದವರು ಬದುಕಿನಲ್ಲಿ ಒಂದಾಗಿರಲಿಲ್ಲ. 1973ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಒಂದು ವೇದಿಕೆಯಲ್ಲಿ ಫಿಲ್ ಗಿಟಾರನ್ನು ಒಡೆದು ಹೊರಟೇಹೋದ. ಮತ್ತೆ ಕೂಡಿ ಹಾಡಿದ್ದು ಹತ್ತು ವರ್ಷದ ಮೇಲೆ, 1983ರಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಜಗಳದ ಕಥೆ ಗೊತ್ತಾದ ಮೇಲೆ ಈ ಹಾಡುಗಳನ್ನು ಕೇಳಲಾಗುವುದಿಲ್ಲ ಎನ್ನುವವರಿದ್ದಾರೆ. ನನಗೋ ಅದರಿಂದ ಅವು ಇನ್ನಷ್ಟು ಪ್ರಿಯವಾದವು.

2013ರಲ್ಲಿ ನೋರಾ ಜೋನ್ಸ್ ಮತ್ತು ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಇಡೀ ಆಲ್ಬಮನ್ನು ‘ಫಾರೆವರ್ಲಿ’ ಹೆಸರಿನಲ್ಲಿ ಮತ್ತೆ ಹಾಡಿದರು. ಚೆನ್ನಾಗಿದೆ, ಗೌರವದಿಂದ ಹಾಡಿದ್ದಾರೆ. ಆದರೂ ಅದು ಇಬ್ಬರ ಹಾಡು, ಇದು ಒಂದೇ ಮನೆಯ ಹಾಡು. ಹೊಸಬರು ಮೊದಲು ‘ಕೆಂಟಕಿ’ ಕೇಳಿ, ಹಿಡಿಸಿದರೆ ‘ಬಾರ್ಬರಾ ಆಲನ್’ಗೆ ಬನ್ನಿ. ಫಿಲ್‌ನ ದನಿಯೊಂದನ್ನೇ ಹಿಂಬಾಲಿಸಿ ಇನ್ನೊಮ್ಮೆ ಕೇಳುವುದನ್ನು ಮಾತ್ರ ಮರೆಯಬೇಡಿ.