ಲೋನಾರ್: ಆಕಾಶದ ಡಿಕ್ಕಿಯ ಗುರುತು

ಔರಂಗಾಬಾದಿಗೆ ಹೋಗುವ ನಮ್ಮ ಕುಟುಂಬಗಳು ಬೀಬಿ ಕಾ ಮಕ್ಬರಾ ನೋಡಿ, ಖುಲ್ದಾಬಾದಿನಲ್ಲಿ ಔರಂಗಜೇಬನ ಸರಳ ಗೋರಿಯ ಮುಂದೆ ನಿಂತು ಊರಿಗೆ ಮರಳುತ್ತವೆ. (2023ರಿಂದ ಆ ನಗರದ ಅಧಿಕೃತ ಹೆಸರು ಛತ್ರಪತಿ ಸಂಭಾಜಿನಗರ.) ಸಹೋದರಿಯರೇ, ಮುಂದಿನ ಸಲ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಜಾಲ್ನಾ ದಾರಿಯಾಗಿ ಸುಮಾರು 150 ಕಿ.ಮೀ. ಹೋದರೆ ಬುಲ್ಢಾಣಾ ಜಿಲ್ಲೆಯ ಲೋನಾರ್ ಸಿಗುತ್ತದೆ.

ಸಣ್ಣ ಊರು. ದಿಬ್ಬದಂತಹ ಅಂಚನ್ನು ಏರುವವರೆಗೆ ಏನೂ ಕಾಣದು. ಏರಿದೊಡನೆ ಕಾಲಬುಡದಲ್ಲೇ ಬಾಣಲೆಯಂತಹ ಗುಂಡಿ! ಅಗಲ ಸುಮಾರು 1.8 ಕಿ.ಮೀ., ಆಳ ಸುಮಾರು 150 ಮೀಟರ್. ತಳದಲ್ಲಿ ಹಸಿರು ಸರೋವರ. ಬಹಳ ಕಾಲ ಇದನ್ನು ಜ್ವಾಲಾಮುಖಿಯ ಬಾಯಿಯೆಂದು ಭಾವಿಸಿದವರಿದ್ದರು. ಭಾರೀ ಆಘಾತದಿಂದ ಉಂಟಾಗುವ ಒಂದು ಬಗೆಯ ಗಾಜು ಇಲ್ಲಿನ ಕಲ್ಲುಗಳಲ್ಲಿದೆಯೆಂದು 1973ರಲ್ಲಿ ಪ್ರಕಟವಾದ ಮೇಲೆ ಸಂಶಯ ತೀರಿತು. ಆಕಾಶದಿಂದ ಬಂದ ಬಂಡೆಯೊಂದು ಇಲ್ಲಿ ಅಪ್ಪಳಿಸಿತ್ತು. ಇತ್ತೀಚಿನ ಲೆಕ್ಕದಂತೆ, ಸುಮಾರು 5.7 ಲಕ್ಷ ವರ್ಷಗಳ ಹಿಂದೆ. ಚಂದ್ರನ ಕಪ್ಪು ಭಾಗಗಳಂತೆ ಇಲ್ಲಿಯೂ ಬಸಾಲ್ಟ್ ಕಲ್ಲು. ಆದ್ದರಿಂದಲೇ ಚಂದ್ರನ ಗುಂಡಿಗಳನ್ನು ಅಧ್ಯಯನ ಮಾಡುವವರು ಲೋನಾರಿಗೆ ಬರುತ್ತಾರೆ.

ಇದು ಚಿಕ್ಕ ಡಿಕ್ಕಿ. ನಾವು ನಿಂತಿರುವ ಭೂಮಿಯೇ ಡಿಕ್ಕಿಗಳಿಂದ ಬೆಳೆದದ್ದು. ಸುಮಾರು 456 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತ ಅನಿಲ ಮತ್ತು ಧೂಳು ಸುತ್ತುತ್ತಿತ್ತು. ಕಣಕ್ಕೆ ಕಣ ಅಂಟಿ ಉಂಡೆಯಾಯಿತು, ಉಂಡೆಗಳು ಸೇರಿ ಬೆಟ್ಟದಂತಾದವು. ಮೆಲ್ಲನೆ ತಾಗಿದವು ಒಂದಾದವು, ಜೋರಾಗಿ ಬಡಿದವು ಪುಡಿಯಾದವು. ಕೊನೆಯ ದೊಡ್ಡ ಡಿಕ್ಕಿಗಳಲ್ಲೊಂದರಲ್ಲಿ ಮಂಗಳ ಗ್ರಹದಷ್ಟು ದೊಡ್ಡ ಕಾಯವೊಂದು ಭೂಮಿಗೆ ಬಡಿಯಿತು. ಥೀಯಾ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ. ಆಗ ಚಿಮ್ಮಿದ ಕರಗಿದ ಕಲ್ಲು ಒಟ್ಟುಗೂಡಿ ಚಂದ್ರನಾಯಿತೆಂಬುದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ಅಪೊಲೊ ಯಾತ್ರಿಗಳು ತಂದ ಕಲ್ಲುಗಳ ಆಮ್ಲಜನಕದ ಗುಣ ಭೂಮಿಯ ಕಲ್ಲುಗಳದ್ದಕ್ಕೆ ಬಹುತೇಕ ಸಮ. ಚಂದ್ರನ ಮೇಲ್ಮೈ ಒಮ್ಮೆ ಕರಗಿದ ಶಿಲೆಯ ಕಡಲಾಗಿತ್ತೆಂಬ ಮಾತಿಗೆ 2023ರಲ್ಲಿ ನಮ್ಮ ಚಂದ್ರಯಾನ-3 ಮಾಡಿದ ಮಣ್ಣಿನ ಪರೀಕ್ಷೆಯೂ ಬಲ ನೀಡಿದೆ. ರಮಝಾನಿನ ಮುನ್ನಾದಿನ ಮಕ್ಕಳನ್ನು ಕರೆದುಕೊಂಡು ಮಾಳಿಗೆಯೇರಿ ನೀವು ಹುಡುಕುವ ಹಿಲಾಲ್ ಆ ಡಿಕ್ಕಿಯಿಂದಲೇ ಬಂದದ್ದು.

'ಹಾಗಾದರೆ ಎಲ್ಲವೂ ಆಕಸ್ಮಿಕವೇ ಅಮ್ಮಾ?' ಎಂದು ಕಾಲೇಜಿಗೆ ಹೋಗುವ ಮಗಳು ಕೇಳಿಯಾಳು. ಅವಳ ಬಾಯಿ ಮುಚ್ಚಿಸಬೇಡಿ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯ ಆರಂಭವನ್ನು ನೋಡಬೇಕೆಂದು ಪವಿತ್ರ ಕುರ್‌ಆನಿನ ಅಲ್ ಅನ್‌ಕಬೂತ್ ಅಧ್ಯಾಯವೇ ಆದೇಶಿಸಿದೆ. ಆದರೆ ಥೀಯಾದ ಲೆಕ್ಕವನ್ನು ಸೂಕ್ತಗಳೊಳಗೆ ತುರುಕಿ ತೋರಿಸುವವರ ದಾರಿ ನನಗೆ ಹಿಡಿಸದು. ಲೆಕ್ಕ ನಾಳೆ ಬದಲಾಗಬಹುದು. ಲೋನಾರಿನ ವಯಸ್ಸನ್ನೇ ಹಿಂದೆ 52,000 ವರ್ಷ ಎನ್ನುತ್ತಿದ್ದರು. ಕಲ್ಲು ಕಲ್ಲಿಗೆ ಬಡಿಯುವ ನಿಯಮವನ್ನು ಇಟ್ಟವನು ಯಾರೆಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ದೂರದರ್ಶಕದಲ್ಲಿ ಉತ್ತರ ಹುಡುಕುವುದೂ ಸರಿಯಲ್ಲ, ಅದನ್ನು ಕೇಳಬಾರದೆನ್ನುವುದೂ ಸರಿಯಲ್ಲ.

ಸರೋವರದ ನೀರು ಉಪ್ಪುಪ್ಪು, ಸೋಡಾದಂತೆ ಕ್ಷಾರ. ಗಾಜು ಮತ್ತು ಸಾಬೂನಿಗೆ ಬೇಕಾದ ವಸ್ತುಗಳು ಇಲ್ಲಿ ದೊರೆಯುತ್ತವೆಂದು ಅಬುಲ್ ಫಝಲ್ ಆಈನೆ ಅಕ್ಬರಿಯಲ್ಲಿ ಬರೆದಿದ್ದಾನೆ. 2020ರ ಜೂನ್‌ನಲ್ಲಿ ಉಪ್ಪುನೀರಿನ ಸೂಕ್ಷ್ಮಜೀವಿಗಳಿಂದ ಇಡೀ ಸರೋವರ ಗುಲಾಬಿಯಾಗಿತ್ತು. ಅದೇ ವರ್ಷ ಇದು ರಾಮ್‌ಸರ್ ಪಟ್ಟಿಗೆ ಸೇರಿತು.

ಚಳಿಗಾಲದಲ್ಲಿ ಹೋಗಿ. ಇಳಿಯುವುದು ಸುಲಭ, ಏರುವಾಗ ಏದುಸಿರು ಬರುತ್ತದೆ. ಹಿರಿಯರು ಅಂಚಿನಿಂದಲೇ ನೋಡಲಿ. ಕುಡಿಯುವ ನೀರು ಜೊತೆಗಿರಲಿ. ನೆನಪಿಗೆಂದು ಕಲ್ಲು ಎತ್ತಿಕೊಂಡು ಬರಬೇಡಿ, ಅದು ಅಭಯಾರಣ್ಯ.